ಗಾಜಿನ ತೊಟ್ಟಿಗೆ ಬಿದ್ದ ಎಡೆ

ಫಾಸ್ಫೇಟ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮಪ್ಪನ ಬಾಯಲ್ಲಿ. ಗಡಿಯಾಚೆ ಮಲಯಾಳ ಸೀಮೆಯ ನೂಲ್ಪುಳದಲ್ಲಿ, ನಮ್ಮ ಗದ್ದೆಯ ಬದುವಿನ ಮೇಲೆ ಗೊಬ್ಬರದ ಮೂಟೆ ಇಳಿಸಿ, ಸೊಂಟ ನೀವಿಕೊಳ್ಳುತ್ತ, "ಸೂಪರ್ ಫಾಸ್ಫೇಟ್ ಬಿದ್ರೆ ಬೇರು ಇಳೀತದೆ ಕಣ್ಲಾ" ಎನ್ನುತ್ತಿದ್ದರು. ಮುಂದೆ ಅದೇ ಫಾಸ್ಫೇಟನ್ನು ಉಳ್ಳವರ ಮನೆಯ ಮೀನಿನ ಗಾಜಿನ ತೊಟ್ಟಿಗಳಿಂದ ತೆಗೆದುಹಾಕುವುದೇ ನನ್ನ ಹೊಟ್ಟೆಪಾಡಾಯಿತು. ಅಪ್ಪ ಕೊನೆಯವರೆಗೂ ಇದನ್ನು ಆಡಿಕೊಂಡರು. "ನಾನು ಮೂಟೆಗಟ್ಲೆ ಹಾಕ್ತೀನಿ, ನನ್ ಮಗ ತೊಟ್ಟು ತೊಟ್ಟಾಗಿ ತೆಗೀತಾನೆ" ಎಂದು ನೆಂಟರ ಮುಂದೆ ಹೇಳುವರು. ಎಲ್ಲರೂ ನಗುವರು. ನಾನು ನೆಲ ನೋಡುತ್ತಿದ್ದೆ.

ಹೆಣ್ಣು ನೋಡಲು ಹೋದಾಗ ಏನು ಕೆಲಸ ಎಂದು ಕೇಳಿದರು. ನೀರಿನ ಕೆಲಸ ಎಂದೆ. ಅವರು ಸರ್ಕಾರದ ನೀರಿನ ಇಲಾಖೆ ಎಂದುಕೊಂಡರು. ನಾನು ತಿದ್ದಲಿಲ್ಲ. ಮದುವೆಯಾದ ಮೇಲೆ ಮಾವನವರು ಅಂಗಡಿಗೆ ಬಂದು, ಸಾಲಾಗಿ ಜೋಡಿಸಿದ್ದ ಮೀನಿನ ತೊಟ್ಟಿಗಳ ನಡುವೆ ಅಂಗಿಯ ತೋಳು ಮಡಚಿಕೊಂಡು ಪಾಚಿ ಉಜ್ಜುತ್ತಿದ್ದ ನನ್ನನ್ನು ಕಂಡು, ಬಾಗಿಲಿಂದಲೇ ಹಿಂದಿರುಗಿದರು. ಜನ ತಪ್ಪು ತಿಳಿದುಕೊಂಡರೆ ತಿಳಿದುಕೊಳ್ಳಲಿ ಎಂದು ಸುಮ್ಮನಿದ್ದುಬಿಡುವ ಈ ಚಾಳಿ ನನ್ನದು. ಅದರಿಂದ ಆದ ಒಂದು ಅನಾಹುತವನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಸುತ್ತು ಬಳಸಿ ಬರುತ್ತೇನೆ, ಯಾಕೆಂದರೆ ನೇರವಾಗಿ ಹೇಳಲು ಇನ್ನೂ ನಾಚಿಕೆ.

ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಕಡೆ ಈ ಕೆಲಸಕ್ಕೆ ಹೊಸದಾಗಿ ಇಳಿದವರು ನನಗೆ ಆಗಾಗ ಫೋನ್ ಮಾಡುತ್ತಾರೆ. ಹವಳ ಕಂದು ಬಣ್ಣಕ್ಕೆ ತಿರುಗಿದೆ, ಗಾಜು ಹಸಿರಾಗಿದೆ, ಯಾವ ಮದ್ದು ಎಷ್ಟು ಹಾಕಲಿ ಎನ್ನುತ್ತಾರೆ. ನಿಮ್ಮ ಅನುಭವವನ್ನೆಲ್ಲ ಬರೆದುಕೊಡಿ ಎಂದು ಅವರೇ ಹಟ ಹಿಡಿದರು. ಮದ್ದು ಎಷ್ಟು ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ. ಡಬ್ಬಿಯ ಮೇಲೆ ಇಲ್ಲದ್ದನ್ನು ನಾನು ಬರೆಯುತ್ತೇನೆ.

ನಾನು ದುಡಿದದ್ದು ಸುಲ್ತಾನ್ ಬತ್ತೇರಿಯ ಒಂದು ಸಾಕುಮೀನಿನ ಅಂಗಡಿಯಲ್ಲಿ. ಮಾಲೀಕರು ಬಶೀರಿಕ್ಕ; ಇಕ್ಕ ಎಂದರೆ ಅಣ್ಣ. ಸಿಟ್ಟು ಮೂಗಿನ ತುದಿಯಲ್ಲೇ, ಆದರೆ ಊಟದ ಹೊತ್ತಿಗೆ ಇಳಿದುಹೋಗುತ್ತಿತ್ತು. ಅವರ ಮಾತೆಲ್ಲ ಮಲಯಾಳದಲ್ಲಿ. ಇಲ್ಲಿ ನಾನು ಕನ್ನಡಕ್ಕೆ ತಂದಿದ್ದೇನೆ. ಮೊದಮೊದಲು ಬರೀ ಸಿಹಿನೀರಿನ ಮೀನು ಮಾರುತ್ತಿದ್ದೆವು. ಆಮೇಲೆ ಕೆಲವರಿಗೆ ಕಡಲ ನೀರಿನಲ್ಲಿ ಜೀವಂತ ಹವಳ ಬೆಳೆಸುವ ತೊಟ್ಟಿಯ ಹುಚ್ಚು ಹತ್ತಿತು. ಈ ಗುಡ್ಡದ ಜಿಲ್ಲೆಯಲ್ಲಿ ಸಮುದ್ರ ಎಲ್ಲಿಂದ ತರುವುದು? ಜೀಪಿನಲ್ಲಿ ಕೋಳಿಕ್ಕೋಡಿಗೆ ಹೋಗಿ, ಕ್ಯಾನುಗಳಲ್ಲಿ ಕಡಲ ನೀರು ತುಂಬಿಕೊಂಡು, ಘಾಟಿ ಹತ್ತಿ ಬರುತ್ತಿದ್ದೆವು. ತಿರುವು ತಿರುವಿಗೂ ನೀರು ತುಳುಕುತ್ತಿತ್ತು. ಜೀಪಿನ ತಳ ತುಕ್ಕು ಹಿಡಿದು, ಅದರ ಯಜಮಾನ ನಮ್ಮಿಬ್ಬರ ವಂಶವನ್ನೇ ಜಾಲಾಡಿದ. ಕೊನೆಗೆ ತೊಟ್ಟಿಗೆಂದೇ ಮಾಡಿದ ಕಡಲುಪ್ಪಿನ ಚೀಲ ಬಂದು ನಮ್ಮನ್ನು ಬದುಕಿಸಿತು. ಶುದ್ಧ ನೀರಿಗೆ ಅದನ್ನು ಕಲಸಿದರೆ ಸಮುದ್ರ ತಯಾರು.

"ಗಿರಾಕಿ ಅಂದರೆ ನೀರು. ಮನೆಯವರು ಬಾಗಿಲು ತೆಗೆಯುವವರು ಅಷ್ಟೆ" ಎಂದು ಬಶೀರಿಕ್ಕ ಹೇಳುತ್ತಿದ್ದರು. ನಾನು ಇದನ್ನು ಬಹಳ ವರ್ಷ ನಂಬಿದ್ದೆ.

ಹವಳದ ತೊಟ್ಟಿಯಲ್ಲಿ ಫಾಸ್ಫೇಟ್ ಬರುವುದು ಮೀನು ತಿನ್ನದೆ ಬಿಟ್ಟ ಆಹಾರದಿಂದ, ಅದರ ಹೊಲಸಿನಿಂದ, ಇಲ್ಲವೇ ಸುರಿದ ನೀರಿನಿಂದಲೇ. ಹೆಚ್ಚಾದರೆ ಪಾಚಿ ಏಳುತ್ತದೆ, ಹವಳ ಬಣ್ಣ ಕೆಟ್ಟು ಬೆಳವಣಿಗೆ ನಿಲ್ಲಿಸುತ್ತದೆ. ಹಾಗೆಂದು ಪೂರ್ತಿ ತೆಗೆದುಬಿಟ್ಟರೂ ಅದು ಹಸಿದು ಬಿಳಿಚಿಕೊಳ್ಳುತ್ತದೆ. ಹವಳಕ್ಕೂ ಚೂರು ಬೇಕು. ನಾವು ಶುರು ಮಾಡಿದಾಗ ಇದನ್ನು ಅಳೆಯಲು ಏನೂ ಇರಲಿಲ್ಲ. ಗಾಜು ಉಜ್ಜಿದ ಮೇಲೆ ಮತ್ತೆ ಎಷ್ಟು ಬೇಗ ಹಸಿರಾಗುತ್ತದೆ ಎಂದು ನೋಡಿ ಅಂದಾಜು ಮಾಡುತ್ತಿದ್ದೆವು. ಆಮೇಲೆ ಗಾಜಿನ ನಳಿಕೆ ಬಂತು. ತೊಟ್ಟಿಯ ನೀರಿಗೆ ಮದ್ದಿನ ಹನಿ ಹಾಕಿ ಅಲ್ಲಾಡಿಸಿದರೆ ನೀಲಿಯಾಗುತ್ತದೆ. ತಿಳಿನೀಲಿಯಾದರೆ ಕ್ಷೇಮ, ಗಾಢವಾದರೆ ಗ್ರಹಚಾರ.

ಪುಲ್ಪಳ್ಳಿ ಕಡೆಯ ಒಂದು ಮನೆಯಲ್ಲಿ ನಾನು ಬಾವಿಯ ನೀರನ್ನೇ ಉಪ್ಪಿಗೆ ಕಲಸಿದೆ. ಕನ್ನಡಿಯಂಥ ನೀರು, ಕುಡಿದು ಬೇರೆ ನೋಡಿದ್ದೆ. ಬಾವಿಯ ಮೇಲಿನ ದಿಬ್ಬದಲ್ಲಿ ಶುಂಠಿ ಹಾಕಿ ಗೊಬ್ಬರ ಸುರಿದಿದ್ದನ್ನೂ ಕಂಡಿದ್ದೆ. ಕಂಡದ್ದು ಕಣ್ಣಿಗೆ ಮಾತ್ರ, ತಲೆಗೆ ಹೋಗಲಿಲ್ಲ. ತೊಟ್ಟಿಯಲ್ಲಿ ಕೂದಲಿನಂಥ ಪಾಚಿ ಎದ್ದಿತು. ನೀರು ಬದಲಿಸಿದೆ, ಇನ್ನಷ್ಟು ಎದ್ದಿತು. ಮತ್ತೆ ಬದಲಿಸಿದೆ. ಕಡೆಗೆ ಬಶೀರಿಕ್ಕ ಬಂದು ಬಾವಿಯ ನೀರನ್ನೇ ನಳಿಕೆಗೆ ಹಾಕಿ ಅಲ್ಲಾಡಿಸಿದರು. ಶಾಯಿಯ ಹಾಗೆ ನೀಲಿ. "ಕೊಳೆಯನ್ನು ಕೊಳೆಯಲ್ಲೇ ತೊಳೆದಿದ್ದೀಯಲ್ಲೋ" ಎಂದರು, ಮನೆಯವರ ಎದುರಿಗೇ. ನಾನು ಹಿಡಿಯಷ್ಟಾದೆ. ಅಂದಿನಿಂದ ಸುರಿಯುವ ನೀರನ್ನು ಮೊದಲು ಪರೀಕ್ಷೆ ಮಾಡದೆ ನಾನು ಬಕೆಟ್ ಎತ್ತಿಲ್ಲ. ನೀವೂ ಎತ್ತಬೇಡಿ.

ಇನ್ನೊಂದು, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ತೊಟ್ಟಿ. ಅಲ್ಲಿ ಯಾವಾಗ ನೋಡಿದರೂ ಬಿಸ್ಕತ್ತಿನ ಪುಡಿ. ಕಾಯಲು ಕೂತ ರೋಗಿಗಳದೇ ಕೆಲಸ ಎಂದು ನಾನು ದವಡೆ ಊದಿಸಿಕೊಂಡು ಕೂತವರಿಗೆಲ್ಲ ಫಾಸ್ಫೇಟಿನ ಮೇಲೆ ಭಾಷಣ ಮಾಡಿದೆ. ಪಾಪ, ಅವರಿಗೆ ತಿರುಗಿ ಮಾತಾಡಲು ಬಾಯಿ ಬರುತ್ತಿರಲಿಲ್ಲ. ಒಂದು ದಿನ ಹೇಳದೆ ಒಳಗೆ ಹೋದರೆ ಡಾಕ್ಟರರೇ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬಿಸ್ಕತ್ತು ಹಿಡಿದು ಮೀನಿನ ಜೊತೆ ಪಾಲು ಹಂಚಿಕೊಳ್ಳುತ್ತಿದ್ದರು. ಅವರು ಕಿಟಕಿಯ ಕಡೆ ತಿರುಗಿದರು. ನಾನೂ ಕಿಟಕಿಯನ್ನೇ ನೋಡಿದೆ.

ಇಷ್ಟರವರೆಗಿನದು ನಗುತ್ತ ಹೇಳಬಹುದಾದದ್ದು. ಇನ್ನು ಮುಂದಿನದಕ್ಕೆ ನನ್ನ ಮಾತಿನ ವಿಷಯ ಸ್ವಲ್ಪ ಹೇಳಬೇಕು.

ಚಿಕ್ಕಂದಿನಲ್ಲಿ ನಾನು ಗುಂಡ್ಲುಪೇಟೆ ಹತ್ತಿರ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವನು. ಈಗ ಇಷ್ಟು ಬರೆಯುತ್ತಿರುವುದು ಆ ಮೇಷ್ಟರ ಪುಣ್ಯ. ಆಮೇಲೆ ನೂಲ್ಪುಳಕ್ಕೆ ಕರೆತಂದು ಮಲಯಾಳ ಶಾಲೆಗೆ ಹಾಕಿದರು. ಮೊದಲ ದಿನ ಟೀಚರ್ ಏನೋ ಕೇಳಿದರು. ನನಗೆ ಬಂದ ಮಾತಿನಲ್ಲಿ ಉತ್ತರ ಹೇಳಿದೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ಕಾಡಿನಿಂದ ಬಂದವನು ಎಂದು ಹೆಸರಿಟ್ಟರು. ಆ ನಗು ಎಷ್ಟು ನಾಟಿತೆಂದರೆ, ಸ್ವಲ್ಪ ಕಾಲದಲ್ಲೇ ನನ್ನ ಮಲಯಾಳ ಯಾರಿಗೂ ಅನುಮಾನ ಬರದಷ್ಟು ನಯವಾಯಿತು. ಮನೆಯಲ್ಲಿ ರಾಜಪ್ಪ, ಬತ್ತೇರಿಯಲ್ಲಿ ರಾಜನ್. ಅಂಗಡಿಗೆ ಸೇರಿದ ದಿನ ಮನೆ ಎಲ್ಲಿ ಎಂದು ಬಶೀರಿಕ್ಕ ಕೇಳಿದರೆ ಇಲ್ಲೇ ಬತ್ತೇರಿ ಎಂದೆ. ಅಪ್ಪ ಅಂಗಡಿಯ ಕಡೆ ಬಂದರೆ ರಸ್ತೆಯ ಆಚೆಯೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಬತ್ತೇರಿಯಲ್ಲಿ ಕಾಳುಮೆಣಸಿನ ವ್ಯಾಪಾರ ಮಾಡುತ್ತಿದ್ದ ಮಾದೇಶ ಎಂಬುವರು ಹವಳದ ತೊಟ್ಟಿ ಬೇಕೆಂದು ಬಂದರು. ಕಬಿನಿ ದಡದ ಕೊಳವಳ್ಳಿಯ ಕನ್ನಡದ ಮನೆತನ. ಹೆಂಡತಿ ಶ್ರೀಜ ಕೋಳಿಕ್ಕೋಡಿನವರು, ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಮಾದೇಶರ ತಾಯಿ ತಾಯಮ್ಮನೂ ಇದ್ದರು. ಊರೆಲ್ಲ ಮಲಯಾಳದಲ್ಲಿ ವ್ಯವಹಾರ ಮಾಡುವ ಮಾದೇಶ ತಾಯಿಯ ಜೊತೆ ಮಾತ್ರ ಕನ್ನಡ. ಶ್ರೀಜಗೆ ಅದು ಒಂದಕ್ಷರ ಬಾರದು.

ನಾನು ತೊಟ್ಟಿ ಕೂರಿಸಲು ಹೋದ ದಿನ ತಾಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಗನಿಗೆ ಹೇಳಿದರು: "ಯಾರ್ಲಾ ಮಗ ಇವ್ನು, ಒಣಗಿದ ಸೌದೆ ಹಂಗವ್ನೆ. ಮನೇಲಿ ಕೂಳಿಕ್ಕಾಕಿಲ್ವಾ? ಒಂದ್ಲೋಟ ಕಾಪಿ ಕೊಡ್ಲಾ?"

ಮಾದೇಶ ನಗು ತಡೆದುಕೊಂಡು ನನಗೆ ಮಲಯಾಳದಲ್ಲಿ, ಕಾಫಿ ಕುಡಿಯುತ್ತೀರಾ ಎಂದು ಕೇಳಿದರು. ಆಗಲೇ ನಾನು, ಕೊಡವ್ವ, ಬೆಲ್ಲ ಜಾಸ್ತಿ ಹಾಕು ಎಂದುಬಿಟ್ಟಿದ್ದರೆ ಮೂವರೂ ನಗುತ್ತಿದ್ದೆವು. ನಾನು ಏನೂ ಅರ್ಥವಾಗದವನ ಹಾಗೆ ಹಲ್ಲು ಕಿರಿದೆ. ಒಮ್ಮೆ ಹಾಗೆ ನಿಂತ ಮೇಲೆ ಮುಂದಿನ ಸಲ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು. ಅದರ ಮುಂದಿನ ಸಲ ಮತ್ತೂ ಕಷ್ಟವಾಯಿತು.

ಆ ತೊಟ್ಟಿ ಚೆನ್ನಾಗಿ ಕುದುರಿತು. ನೇರಳೆ, ಗುಲಾಬಿ ಹವಳಗಳು ಹಬ್ಬಿದವು. ಅರಿಸಿನದ ಬಣ್ಣದ, ಅಂಗೈ ಅಗಲದ ಒಂದು ಮೀನಿತ್ತು. ಮಾದೇಶರಿಗೆ ಅದರ ಮೇಲೆ ಪ್ರಾಣ. ಬೆಳಿಗ್ಗೆ ಎದ್ದವರೇ ಅದರ ಮುಂದೆ ಹೋಗಿ ನಿಲ್ಲುವರು. ಒಂದು ದಿನ ಅವರು ತಮ್ಮ ಮೆಣಸಿನ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ.

ಕರ್ಮಗಳೆಲ್ಲ ತಿರುನೆಲ್ಲಿಯ ದೇವಸ್ಥಾನದಲ್ಲಿ ಮುಗಿದವು. ತೊಟ್ಟಿಯನ್ನು ತೆಗೆಸಿಬಿಡಲೇ ಎಂದು ಬಶೀರಿಕ್ಕ ಕೇಳಿದಾಗ ಶ್ರೀಜ ಬೇಡವೇ ಬೇಡ ಎಂದರು. "ಅವರು ಕೈಯಾರೆ ಬೆಳೆಸಿದ್ದು ಇದೊಂದೇ ಇರುವುದು. ಇದು ಸಾಯಬಾರದು" ಎಂದು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

ಕೆಲವು ತಿಂಗಳ ಮೇಲೆ ಫಾಸ್ಫೇಟ್ ಏರತೊಡಗಿತು. ಒಮ್ಮೆ ಏರುವುದು, ನಾನು ಇಳಿಸುವುದು, ಮತ್ತೆ ಏರುವುದು. ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿಸಿದೆ. ಫಿಲ್ಟರಿಗೆ ತುಕ್ಕಿನ ಬಣ್ಣದ ಹರಳು ತುಂಬಿದೆ. ಅದು ಫಾಸ್ಫೇಟನ್ನು ಹೀರಿಕೊಳ್ಳುತ್ತದೆ. ಆದರೂ ನಿಲ್ಲಲಿಲ್ಲ. ಒಂದು ದಿನ ಬಂಡೆಯ ಹಿಂದೆ ಪೈಪ್ ಹಾಕಿ ಎಳೆದಾಗ ಬಕೆಟ್ಟಿಗೆ ಬಂದದ್ದು ಅನ್ನದ ಅಗುಳು. ಅದರ ಜೊತೆಗೆ ಕರಿ ಎಳ್ಳು.

ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಅಮಾವಾಸ್ಯೆಗೆ ಹೋದವರ ಹೆಸರಲ್ಲಿ ಎಡೆ ಇಡುತ್ತೇವೆ. ಒಂದು ಪಾಲು ಕಾಗೆಗೆ, ಒಂದು ಪಾಲು ನೀರಿಗೆ. ಮೀನು ಬಂದು ತಿಂದರೆ ಹೋದವರು ಉಂಡರು ಎಂದು ಅರ್ಥ. ಮುಟ್ಟದಿದ್ದರೆ ಅವರಿಗೆ ನಮ್ಮ ಮೇಲೆ ಮುನಿಸು. ಕೊಳವಳ್ಳಿಯಲ್ಲಾದರೆ ಮನೆಯ ಮುಂದೆಯೇ ಹೊಳೆ. ಬತ್ತೇರಿಯ ಆ ಮನೆಯಲ್ಲಿ ತಾಯಮ್ಮನಿಗೆ ಸಿಕ್ಕ ನೀರು ಇದೊಂದೇ.

ಅಮಾವಾಸ್ಯೆಯ ದಿನವೇ ನಾನು ಹೋದ ಒಂದು ಸಲ ಕಣ್ಣಾರೆ ಕಂಡೆ. ಶ್ರೀಜ ಶಾಲೆಯಲ್ಲಿದ್ದರು. ನಾನು ಗಾಜು ಉಜ್ಜುತ್ತಿದ್ದೆ. ತಾಯಮ್ಮ ಬಾಳೆಲೆಯ ತುಂಡಿನಲ್ಲಿ ಅನ್ನ ಹಿಡಿದು ಬಂದು, ನನ್ನ ಪಕ್ಕದಲ್ಲೇ ನಿಂತು, ನಾನೊಂದು ಕುರ್ಚಿ ಎಂಬಂತೆ ಮಾತಾಡತೊಡಗಿದರು.

"ಬಂದ್ಯಾ ಮಗ? ನಿನ್ ಹೆಂಡ್ರು ಇವತ್ತೂ ಎಲ್ಲಕ್ಕೂ ತೆಂಗಿನಕಾಯಿ ಹಾಕವ್ಳೆ. ಆದ್ರೂ ಕೆಟ್ಟವಳಲ್ಲ ಕಣೋ. ರಾತ್ರಿ ನನ್ ಕಾಲು ಒತ್ತುದ್ಲು. ಅವಳ ಕೂಡೆ ಮಾತಾಡಾಕೆ ನಂಗೆ ಮಾತು ಸಾಲ್ದು." ಹಳದಿ ಮೀನು ಮೇಲೆ ಬಂದು ಅಗುಳನ್ನು ಕಚ್ಚಿತು. ತಾಯಮ್ಮನ ದನಿ ಇಳಿಯಿತು. "ಅವತ್ತು ಹೊತ್ತಾರೆ ಹಂಗಂದ್ಬುಟ್ಟೆ. ಹೆತ್ತವ್ವನ ರೊಟ್ಟಿ ಬ್ಯಾಡ, ಮೀನು ಬೇಕು, ಹೋಗು, ಆ ಮೀನಿನ ಕೂಡೇ ಬದ್ಕೋಗು ಅಂದ್ಬುಟ್ಟೆ. ನೀನು ಉಣ್ದೆ ಅಂಗಡಿಗೆ ಹೋದೆ. ಈಗ ಉಣ್ಣು ಮಗ. ಉಣ್ಣು."

ನಾನು ಉಜ್ಜಿದ ಜಾಗವನ್ನೇ ಮತ್ತೆ ಉಜ್ಜುತ್ತಿದ್ದೆ. ಆಕೆಯ ಮಾತು ನನ್ನ ಕಿವಿಗೆ ಬೀಳುತ್ತಿದೆ ಎಂದು ಆಕೆಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅಲ್ಲವೇ ಅಷ್ಟು ಬಿಚ್ಚಿ ಹೇಳುತ್ತಿರುವುದು? ಇನ್ನು ಈಗ ಬಾಯಿ ಬಿಟ್ಟರೆ ಕಳ್ಳನ ಹಾಗೆ ಇಷ್ಟು ದಿನ ಕೇಳಿಸಿಕೊಂಡೆ ಎಂದು ಒಪ್ಪಿಕೊಂಡಂತೆ. ಅಲ್ಲಿಂದಾಚೆ ಆಕೆ ಬಂದಾಗಲೆಲ್ಲ ನಾನು ಕಿವುಡನಾದೆ.

"ರಾಜನ್ ಚೇಟಾ, ಯಾಕೆ ಹೀಗೆ ನೀರು ಕೆಡುತ್ತಿದೆ?" ಎಂದು ಶ್ರೀಜ ಕೇಳಿದರು. ಅಲ್ಲಿ ಅಣ್ಣನಿಗೆ ಚೇಟಾ ಎನ್ನುತ್ತಾರೆ.

"ಈ ಸಲದ ಉಪ್ಪು ಸರಿಯಿಲ್ಲ ಟೀಚರ್" ಎಂದೆ.

ಅಮ್ಮ ಅನ್ನ ಹಾಕುತ್ತಾರೆ ಎಂದರೆ ಶ್ರೀಜ ಹಾಕಬೇಡಿ ಎನ್ನುತ್ತಾರೆ. ಅದು ಬರೀ ಅನ್ನವಲ್ಲ ಎಂದು ನಾನೇ ವಿವರಿಸಬೇಕು. ವಿವರಿಸಿದರೆ ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. ಮುದುಕಿಯ ಎಡೆ ತಪ್ಪಿಸಬಾರದೆಂದು ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅರ್ಧ ನಿಜ. ಉಳಿದರ್ಧ, ನೀನೂ ಕಾಡಿನ ಕಡೆಯವನಾ ಎಂದು ಯಾರಾದರೂ ಕೇಳಿಯಾರು ಎಂಬ ಅದೇ ಹಳೆಯ ಅಂಜಿಕೆ. ಪಾಪ, ಬಶೀರಿಕ್ಕ ನನ್ನ ಮಾತು ನಂಬಿ ಉಪ್ಪು ಕೊಟ್ಟವನ ಜೊತೆ ಜಗಳವಾಡಿ ಬೇರೆ ಕಡೆಯಿಂದ ತರಿಸಿದರು.

ಆ ಹೊತ್ತಿಗೆ ಹೊಸ ಬಗೆಯ ದ್ರವದ ಮದ್ದು ಬಂದಿತ್ತು. ಹರಳು ವಾರಗಟ್ಟಲೆ ಮಾಡುವ ಕೆಲಸವನ್ನು ಅದು ಬೇಗ ಮಾಡುತ್ತದೆ. ಫಾಸ್ಫೇಟನ್ನು ಹಿಡಿದು ಒಡೆದ ಹಾಲಿನ ಹಾಗೆ ಚರಟ ಕಟ್ಟಿಸುತ್ತದೆ; ಆ ಚರಟ ಬಟ್ಟೆಯ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳಬೇಕು. ತೊಟ್ಟು ತೊಟ್ಟಾಗಿ, ಆ ಬಟ್ಟೆಯ ಮೇಲೆಯೇ, ಹಲವು ದಿನಗಳಲ್ಲಿ ಹಾಕಬೇಕಾದ ಮದ್ದು. ಒಮ್ಮೆಗೇ ಸುರಿದರೆ ಆ ಚರಟ ಮೀನಿನ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಇದನ್ನು ನಾನೇ ಅಂಗಡಿಯಲ್ಲಿ ಹತ್ತು ಜನಕ್ಕೆ ಹೇಳಿದವನು.

ಪಿತೃಪಕ್ಷದ ಅಮಾವಾಸ್ಯೆ ಬಂತು. ತಾಯಮ್ಮ ಅಂದು ಪೂರ್ತಿ ಎಡೆಯನ್ನೇ ಹಾಕಿದ್ದರು. ಅನ್ನ, ಕುಂಬಳಕಾಯಿ ಪಲ್ಯ, ವಡೆ, ಪಾಯಸ. ಮರುದಿನ ಶ್ರೀಜ ಗಾಬರಿಯಾಗಿ ಫೋನ್ ಮಾಡಿದರು. ನಾನು ಹೋಗುವ ಹೊತ್ತಿಗೆ ನೀರು ಮಂಕಾಗಿ, ಮೇಲೆ ಎಣ್ಣೆ ತೇಲುತ್ತಿತ್ತು. ಬಂಡೆಯ ಹಿಂದೆ ಕೈಗೆ ಸಿಕ್ಕದ್ದನ್ನೆಲ್ಲ ಶ್ರೀಜ ಕಾಣದ ಹಾಗೆ ಎಳೆದು ತೆಗೆದು ನೀರು ಪರೀಕ್ಷಿಸಿದೆ. ನಳಿಕೆ ಕಡುನೀಲಿ. ಅಷ್ಟೊಂದು ನೀಲಿ ಎಲ್ಲಿಂದ ಬಂತೆಂದು ಶ್ರೀಜ ಕೇಳುವ ಮೊದಲೇ ಅದನ್ನು ಇಳಿಸಿಬಿಡಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ದ್ರವದ ಬಾಟಲಿ ತೆಗೆದು ಮುಚ್ಚಳ ಮುಚ್ಚಳವಾಗಿ ನೇರ ತೊಟ್ಟಿಗೇ ಸುರಿದೆ. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಬೆಳಿಗ್ಗೆಗೆ ತಿಳಿಯಾಗುತ್ತದೆ ಟೀಚರ್ ಎಂದು ಹೇಳಿ ಹೊರಟೆ.

ತಿಳಿಯೇನೋ ಆಯಿತು. ಬೆಳಿಗ್ಗೆ ಶ್ರೀಜ ಮತ್ತೆ ಫೋನ್ ಮಾಡಿದರು. "ಹಳದಿ ಮೀನು ಕೆಳಗೆ ಬಿದ್ದಿದೆ ಚೇಟಾ. ಹವಳ ಎಲ್ಲ ಏನೋ ಆಗಿದೆ. ನಾನು ಶಾಲೆಗೆ ಹೊರಟೆ, ನೋಡುತ್ತ ನಿಲ್ಲಲಾರೆ. ಅಮ್ಮ ಇದ್ದಾರೆ, ನೀವು ಬನ್ನಿ."

ಬಾಗಿಲು ತೆರೆದೇ ಇತ್ತು. ಗಾಜಿನಂಥ ತಿಳಿನೀರಿನಲ್ಲಿ ನೇರಳೆ, ಗುಲಾಬಿ ಎಲ್ಲ ಹೋಗಿ ಸುಣ್ಣದ ಕಲ್ಲುಗಳು ನಿಂತಿದ್ದವು. ಅವುಗಳ ಬುಡದಲ್ಲಿ ಹಳದಿ ಮೀನು ಮಗ್ಗುಲಾಗಿ ಬಿದ್ದಿತ್ತು. ತಾಯಮ್ಮ ನೆಲದ ಮೇಲೆ ಕೂತು ಗಾಜಿಗೆ ಹಣೆ ಹಚ್ಚಿದ್ದರು. ನಾನು ಒಳಗೆ ಬಂದರೂ ತಿರುಗಲಿಲ್ಲ. ನಾನು ಬಂದರೆಷ್ಟು, ಬಿಟ್ಟರೆಷ್ಟು?

"ಉಂಡಿದ್ದು ಮೈಗೆ ಹತ್ತಲಿಲ್ವಾ ಮಗ? ಇಷ್ಟು ದಿನ ಉಂಡು, ಪೂರ್ತಿ ಎಡೆ ಇಕ್ಕಿದ ದಿನವೇ ಒದ್ದು ಹೋದ್ಯಾ? ನಾನಂದಿದ್ದು ಇನ್ನೂ ಮನಸಲ್ಲೇ ಮಡಿಕಂಡಿದ್ದೀಯಾ? ಎಷ್ಟು ಸಲ ತಪ್ಪಾಯ್ತು ಅನ್ಲಿ ಮಗ, ಎಷ್ಟು ಸಲ ಅನ್ಲಿ?" ಎಂದು ಗಾಜನ್ನು ಮೆಲ್ಲಗೆ ತಟ್ಟುತ್ತಿದ್ದರು. ಸತ್ತ ಮಗ ತನ್ನನ್ನು ಕ್ಷಮಿಸಲಿಲ್ಲ ಎಂದು ಆಕೆ ತೀರ್ಮಾನಿಸಿ ಆಗಿತ್ತು. ಇನ್ನು ಉಳಿದ ದಿನವೆಲ್ಲ ಅದನ್ನೇ ಹೊತ್ತುಕೊಂಡು ಬದುಕುವವರು.

ನನ್ನ ಕೈಯಲ್ಲಿ ಇನ್ನೂ ಬಕೆಟ್ ಇತ್ತು. ಆ ಮನೆಯಲ್ಲಿ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮಾತಿನಲ್ಲಿ ಹೇಳಿದೆ:

"ಇಲ್ಲ ಕಣವ್ವ. ನಿಮ್ ಮಗ ಒದ್ದಿಲ್ಲ. ನಿಮ್ ಎಡೆಯಿಂದ ಆಗಿದ್ದಲ್ಲ ಇದು. ನಾನು ಮದ್ದು ಜಾಸ್ತಿ ಸುರಿದ್ಬುಟ್ಟೆ. ಮೀನ್ನ ಕೊಂದಿದ್ದು ನಾನು."

ತಾಯಮ್ಮ ತಿರುಗಿ ನೋಡಿದರು. ಮೊದಲು ಆ ಮುಖದಲ್ಲಿ ಬಂದದ್ದು ಬಿಡುಗಡೆ. ಅದನ್ನು ನಾನು ಕಂಡೆ, ಸುಳ್ಳು ಹೇಳುವುದಿಲ್ಲ. "ನಿಜವಾ? ನಿಮ್ಮಪ್ಪನಾಣೆಗೂ?" ಎಂದರು. ನಮ್ಮಪ್ಪನಾಣೆಗೂ ಎಂದೆ. ಕಣ್ಣೊರೆಸಿಕೊಂಡರು. ಆಮೇಲೆ ಅವರಿಗೆ ಹೊಳೆಯಿತು.

"ನೀನು ನಮ್ಮೋನಾ?"

"ಹೂಂ ಅವ್ವ. ನೂಲ್ಪುಳ."

"ಹಂಗಾರೆ ಇಷ್ಟು ದಿನ ನಾನು ಆಡಿದ್ದೆಲ್ಲ..."

ನಾನು ತಲೆ ತಗ್ಗಿಸಿದೆ. ತಾಯಮ್ಮ ಸೆರಗನ್ನು ತಲೆಯ ಮೇಲೆಳೆದು, ಹಣೆಯವರೆಗೂ ಎಳೆದು, ಗೋಡೆ ಹಿಡಿದು ಎದ್ದು ಒಳಗೆ ಹೋದರು. ಅಪರಿಚಿತನೊಬ್ಬ ಸ್ನಾನದ ಮನೆಯ ಬಾಗಿಲು ತಳ್ಳಿದರೆ ಹೆಂಗಸರು ಹಾಗೆ ಎಳೆದುಕೊಳ್ಳುತ್ತಾರೆ. ನಾನು ಮೀನನ್ನು ಬಲೆಯಲ್ಲಿ ಎತ್ತಿ, ಹಿತ್ತಲಲ್ಲಿ ಹೂತು, ನೀರು ಬದಲಿಸಿ ಬಂದೆ.

ಅಂಗಡಿಗೆ ಹೋಗಿ ಎಲ್ಲವನ್ನೂ ಬಶೀರಿಕ್ಕನಿಗೆ ಹೇಳಿದೆ. ಮದ್ದಿನ ವಿಷಯಕ್ಕೆ ಮೈಮೇಲೆ ಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಕೂತ ಸ್ಟೂಲಿನಿಂದ ಏಳಲೇ ಇಲ್ಲ. "ನಿನಗೆ ಕನ್ನಡ ಬರುತ್ತದಾ?" ಎಂದರು. "ಗುಂಡ್ಲುಪೇಟೆಯಿಂದ ಫೋನ್ ಬಂದಾಗಲೆಲ್ಲ ನಾನು ಇಲ್ಲಿ ಕೈಸನ್ನೆ ಮಾಡಿಕೊಂಡು ಒದ್ದಾಡುತ್ತಿದ್ದೆ. ಫೋನಿನಲ್ಲಿ ಕೈಸನ್ನೆ! ನೀನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕನ್ನಡ ಬಲ್ಲವನೊಬ್ಬ ಸಿಕ್ಕರೆ ಆ ಕಡೆಗೂ ಕೆಲಸ ಹಬ್ಬಿಸಬಹುದಿತ್ತು ಎಂದು ಎಷ್ಟು ಸಲ ನಿನ್ನ ಹತ್ತಿರವೇ ಹೇಳಿಲ್ಲ?" ಹೌದು, ಹೇಳಿದ್ದರು. ಆ ದಿನ ಅವರ ಸಿಟ್ಟು ಊಟದ ಹೊತ್ತಿಗೂ ಇಳಿಯಲಿಲ್ಲ. ಯಾವುದನ್ನು ಮುಚ್ಚಿಡಲು ನಾನು ಅಷ್ಟು ಬೆವರಿದೆನೋ ಅದನ್ನೇ ಈ ಮನುಷ್ಯ ಹುಡುಕುತ್ತಿದ್ದರು. ಆಮೇಲೆ ನನ್ನನ್ನು ಗುಂಡ್ಲುಪೇಟೆ, ನಂಜನಗೂಡಿನ ಗಿರಾಕಿಗಳಿಗೆ ಕಳಿಸಿದ್ದೂ ಅವರೇ. ನಿಮ್ಮಲ್ಲಿ ಹಲವರ ಪರಿಚಯವಾದದ್ದು ಹಾಗೆ.

ಶ್ರೀಜಗೆ, ಮದ್ದು ಹೆಚ್ಚಾಗಿ ಹಾಕಿದ್ದು ನನ್ನ ತಪ್ಪು, ಉಪ್ಪಿನದಲ್ಲ ಎಂದು ಹೇಳಿದೆ. ಎಡೆಯ ವಿಷಯವನ್ನೂ ಹೇಳಿದೆ, ಅದು ಏನು ಎಂಬುದನ್ನೂ. ಅವರು ತೊಟ್ಟಿಯ ಮುಂದೆ ಹೋಗಿ ನಿಂತು, "ಅಮ್ಮ ಹಾಕಲಿ. ಎಷ್ಟು ಹಾಕಬಹುದು ಎಂದು ನೀವೇ ಹೇಳಿ" ಎಂದರು. ಹವಳದ ಕಲ್ಲುಗಳಲ್ಲಿ ಕೆಲವು ತುದಿಗಳು ಜೀವ ಹಿಡಿದಿದ್ದವು. ಇನ್ನೊಂದು ಹಳದಿ ಮೀನು ತಂದು ಬಿಟ್ಟೆ.

ಅಲ್ಲಿಂದಾಚೆ ನಾನು ಹೋದಾಗ ತಾಯಮ್ಮ ಹೊರಗೆ ಬರುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯ ಬಾಗಿಲ ಹಿಂದಿನಿಂದ ದನಿ ಬಂತು.

"ಎಷ್ಟು ಅಗುಳು ತಡೀತದೆ ಅದು?"

"ಎರಡು ಹಾಕಿ ಅವ್ವ. ಅಷ್ಟನ್ನ ನಾನು ನೋಡ್ಕೋತೀನಿ."

"ಶೆರಿ."

ಮುಂದಿನ ಅಮಾವಾಸ್ಯೆಗೆ ಆಕೆ ಬಂದು ಎರಡಗುಳು ಹಾಕಿದರು. ಮೀನು ಕಚ್ಚಿತು. ಆಕೆಯ ಬಾಯಿಂದ ಒಂದು ಶಬ್ದವೂ ಬರಲಿಲ್ಲ. ನಾನು ಬಕೆಟ್ ಕೆಳಗಿಟ್ಟು, "ನಾನು ಜಗಲಿಗೆ ಹೋಗಿ ಕೂತ್ಕೋತೀನಿ ಅವ್ವ. ನೀವು ಮಾತಾಡಿ" ಎಂದೆ.

"ಬ್ಯಾಡಪ್ಪ" ಎಂದರು ತಾಯಮ್ಮ. "ಈಗ ಮಾತು ಬರಾಕಿಲ್ಲ."

ತೊಟ್ಟಿ ಮತ್ತೆ ತುಂಬಿಕೊಂಡಿತು. ನಾನು ಕೆಲಸ ಬಿಡುವ ಹೊತ್ತಿಗೆ ಬತ್ತೇರಿಯಲ್ಲಿ ಅಂಥ ಹವಳ ಇನ್ನೊಂದು ಮನೆಯಲ್ಲಿರಲಿಲ್ಲ. ನೋಡಲು ಬಂದವರು ನನ್ನ ಬೆನ್ನು ತಟ್ಟುತ್ತಿದ್ದರು. ಫಾಸ್ಫೇಟನ್ನು ನಾನು ಆ ಮನೆಯಲ್ಲಿ ಎಂದೂ ತೀರ ಕೆಳಗಿಳಿಸಲಿಲ್ಲ, ಎರಡಗುಳಿನಷ್ಟು ಜಾಗ ಸದಾ ಬಿಟ್ಟಿರುತ್ತಿದ್ದೆ.

ಕೊನೆಯ ಸಲ ಹೋದಾಗ ಶ್ರೀಜ ಬಾಗಿಲವರೆಗೆ ಬಂದು ಕೈಮುಗಿದರು. "ಇನ್ನೊಂದಕ್ಕೂ ನಿಮಗೆ ಥ್ಯಾಂಕ್ಸ್ ಹೇಳಬೇಕು ಚೇಟಾ. ಅಮ್ಮ ಮೊದಲೆಲ್ಲ ಆ ಗಾಜಿನ ಮುಂದೆ ಒಬ್ಬರೇ ಮಾತಾಡುತ್ತಿದ್ದರು. ತಲೆಗೆ ಏನಾದರೂ ಆಯಿತೇನೋ ಎಂದು ನಾನು ಹೆದರಿದ್ದೆ. ನೀವು ಅವತ್ತು ಅದೇನು ಹೇಳಿದಿರೋ, ಪೂರ್ತಿ ನಿಂತುಹೋಯಿತು. ಈಗ ಸರಿಯಾಗಿದ್ದಾರೆ."

ಒಳಗೆ ಅಡುಗೆಮನೆಯ ಹೊಸ್ತಿಲಲ್ಲಿ ತಾಯಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ಮಲಯಾಳ ಅವರಿಗೆ ಅರ್ಥವಾಗುತ್ತದೆ. ನನ್ನ ಕಡೆ ಒಮ್ಮೆ ನೋಡಿ ಮತ್ತೆ ಸೊಪ್ಪಿಗೆ ತಲೆ ಬಗ್ಗಿಸಿದರು.

ನೀರು ಪರೀಕ್ಷೆ ಮಾಡುವುದನ್ನು ನೀವು ಯಾರಿಂದಲಾದರೂ ಕಲಿಯುತ್ತೀರಿ. ನಾನು ಕೇಳಿಕೊಳ್ಳುವುದು ಇಷ್ಟೆ. ಹೊಸ ಮನೆಗೆ ಹೋದ ಮೊದಲ ದಿನ, ಬಕೆಟ್ ಇಳಿಸುವ ಮೊದಲೇ, ನಿಮಗೆ ಯಾವ ಯಾವ ಮಾತು ಬರುತ್ತದೆ ಎಂದು ಆ ಮನೆಯವರಿಗೆ ಹೇಳಿಬಿಡಿ.